ಕೋಲ್ಮಾರ್‌ನಲ್ಲಿ ನಾಲ್ಕು ರಾತ್ರಿ: ಕಾರು ಬೇಕೇ, ಎಷ್ಟು ಗ್ಲಾಸು, ಎಷ್ಟು ಬಾಟಲಿ?

ಪ್ರಶ್ನೆ: ನಾವು ಮೈಸೂರಿನವರು. ಸೆಪ್ಟೆಂಬರ್ ಕೊನೆಗೆ ಪ್ಯಾರಿಸ್ ಮುಗಿಸಿಕೊಂಡು ಕೋಲ್ಮಾರ್‌ಗೆ ಹೋಗಿ, ಶುಕ್ರವಾರ ಸಂಜೆಯಿಂದ ಮಂಗಳವಾರ ಬೆಳಿಗ್ಗೆವರೆಗೆ ಅಲ್ಲೇ ಉಳಿದು ಸುತ್ತಲಿನ ದ್ರಾಕ್ಷಿತೋಟಗಳನ್ನು ನೋಡುವ ಯೋಚನೆ. ನನಗೂ ನಮ್ಮ ಯಜಮಾನರಿಗೂ ವೈನ್ ಇಷ್ಟ. ನಂದಿ ಬೆಟ್ಟದ ತಪ್ಪಲಿನ ವೈನರಿ ಟೂರ್ ಮಾಡಿದ್ದೇವೆ. ಜೊತೆಗೆ ಬರುವ ಅತ್ತೆ-ಮಾವ ವೈನ್ ಮುಟ್ಟುವುದಿಲ್ಲ, ಮೊಟ್ಟೆಯನ್ನೂ ತಿನ್ನುವುದಿಲ್ಲ. ಮಾವನವರಿಗೆ ಮಂಡಿ ನೋವು ಬೇರೆ. ಅದು ವೆನಿಸ್ ಥರದ ಊರು, ಕಾಲುವೆಯಲ್ಲೇ ದೋಣಿ ಹತ್ತಿ ತೋಟಕ್ಕೆ ಹೋಗಬಹುದು ಎಂದು ಒಬ್ಬರು ಹೇಳಿದರು. ಕಾರಿಲ್ಲದೆ ಹೋಗಲೇಬೇಡಿ ಎಂದು ಇನ್ನೊಬ್ಬರು. "ಒಂದೊಂದು ಕಡೆ ಎರಡೆರಡು ಗುಟುಕು ತಾನೇ, ನಾನೇ ಓಡಿಸ್ತೀನಿ" ಅನ್ನುತ್ತಾರೆ ಯಜಮಾನರು. ಅಲ್ಲಿನ ವೈನ್ ಎಲ್ಲ ಸಿಹಿಯಂತೆ, ನಿಜವೇ? ಮನೆಗೆ ಎಷ್ಟು ಬಾಟಲಿ ತರಬಹುದು?

ಉತ್ತರ: ನಿಮ್ಮ ಪ್ರಶ್ನೆಗಳಲ್ಲಿ ಮುಖ್ಯವಾದದ್ದು ಯಜಮಾನರ ಆ "ಎರಡೆರಡು ಗುಟುಕು". ಅದನ್ನು ಬಗೆಹರಿಸಿದರೆ ಕಾರಿನ ಪ್ರಶ್ನೆಯೂ, ದಿನಕ್ಕೆ ಎಷ್ಟು ಊರು ನೋಡಬಹುದು ಎಂಬುದೂ ತಾನಾಗಿ ತೀರ್ಮಾನವಾಗುತ್ತದೆ. ಅದಕ್ಕೆ ಮೊದಲು ದೋಣಿಯ ಮಾತು ಮುಗಿಸಿಬಿಡೋಣ.

ಕೋಲ್ಮಾರ್‌ನ "ಪುಟ್ಟ ವೆನಿಸ್" ಎನ್ನುವುದು ಲೌಖ್ ಎಂಬ ಚಿಕ್ಕ ನದಿ ಹಳೇ ಊರಿನೊಳಗೆ ಹಾದುಹೋಗುವ ಒಂದು ತುಣುಕು. ಎರಡೂ ಬದಿಯಲ್ಲಿ ಮರದ ಚೌಕಟ್ಟಿನ ಬಣ್ಣಬಣ್ಣದ ಮನೆಗಳು, ಮೀನುಗಾರರ ದಂಡೆ, ಚರ್ಮ ಹದಮಾಡುವವರ ಕೇರಿ, ತರಕಾರಿ ಬೆಳೆಯುವವರಿದ್ದ ಕ್ರುಟನೌ ಬಡಾವಣೆ. ನಿಧಾನಕ್ಕೆ ನಡೆದರೂ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಚಪ್ಪಟೆ ತಳದ ದೋಣಿಗಳು ಹಿಂದೆ ತೋಟದ ತರಕಾರಿ ಹೊತ್ತು ಬರುತ್ತಿದ್ದವು. 1865ರಲ್ಲಿ ಕಟ್ಟಿದ ಮಾರುಕಟ್ಟೆ ಕಟ್ಟಡ ನೀರಿನ ಅಂಚಿಗೇ ನಿಂತಿರುವುದು ಅದಕ್ಕಾಗಿಯೇ. ಈಗ ಅದೇ ಬಗೆಯ ದೋಣಿಯಲ್ಲಿ ಪ್ರವಾಸಿಗರನ್ನು ಕೂರಿಸಿ ಅರ್ಧ ಗಂಟೆಯೊಳಗೆ ಒಂದು ಸುತ್ತು ತೋರಿಸಿ ಹತ್ತಿದ ಜಾಗಕ್ಕೇ ತಂದು ಬಿಡುತ್ತಾರೆ. ಅದು ದ್ರಾಕ್ಷಿತೋಟಕ್ಕೆ ಹೋಗುವುದಿಲ್ಲ, ಹೋಗಲು ಸಾಧ್ಯವೂ ಇಲ್ಲ: ಕೋಲ್ಮಾರ್ ಇರುವುದು ಬಯಲಲ್ಲಿ, ತೋಟಗಳಿರುವುದು ಪಶ್ಚಿಮಕ್ಕೆ ವೋಜ್ ಬೆಟ್ಟದ ಇಳಿಜಾರಿನಲ್ಲಿ. ಮಾವನವರನ್ನು ದೋಣಿ ಹತ್ತಿಸುವ ಮುನ್ನ ಒಂದು ಮಾತು. ಆಸನ ತೀರಾ ತಗ್ಗು, ನೀರಿನ ಮಟ್ಟಕ್ಕೆ ಇಳಿದು ಕಾಲಿಡಬೇಕು, ಸೇತುವೆಗಳ ಕೆಳಗೆ ತಲೆ ತಗ್ಗಿಸಬೇಕು. ಮಂಡಿ ಮಡಿಸುವುದು ಕಷ್ಟವಾದರೆ ಸೇತುವೆ ಮೇಲಿಂದಲೇ ನೋಡುವುದು ಮೇಲು. ಫೋಟೋ ಚೆನ್ನಾಗಿ ಬರುವುದೂ ಅಲ್ಲಿಂದಲೇ.

ಕಾಲುವೆಯ ವಿಷಯ ಇಷ್ಟೇ ಆದರೂ ಉಳಿಯಲು ಕೋಲ್ಮಾರ್ ಒಳ್ಳೆಯ ಆಯ್ಕೆ. ಫ್ರಾನ್ಸ್‌ನ ಪೂರ್ವದಂಚಿನ ಈ ಸೀಮೆಯ ಹೆಸರು ಆಲ್ಸಾಸ್. ಆಲ್ಸಾಸ್ ವೈನ್ ಮಾರ್ಗ ಎಂದು 1953ರಲ್ಲಿ ಗುರುತಿಸಿದ ರಸ್ತೆ ಉತ್ತರದ ಮಾರ್ಲೆನ್‌ಹೈಮ್‌ನಿಂದ ದಕ್ಷಿಣದ ಟಾನ್‌ವರೆಗೆ ಸುಮಾರು 170 ಕಿ.ಮೀ. ಇದೆ. ಅದರ ಅತ್ಯುತ್ತಮ ಭಾಗ ಕೋಲ್ಮಾರ್ ಸುತ್ತಮುತ್ತಲೇ. ಟುರ್ಕ್‌ಹೈಮ್ ಮತ್ತು ಎಗಿಸ್‌ಹೈಮ್ ಆರೇಳು ಕಿ.ಮೀ., ಕೈಸರ್ಸ್‌ಬೆರ್ಗ್ ಮತ್ತು ರಿಕ್‌ವಿರ್ ಹನ್ನೆರಡು-ಹದಿನಾಲ್ಕು, ರಿಬೊವಿಲ್ಲೆ ಅದರಾಚೆ ಸ್ವಲ್ಪ. ಸ್ಟ್ರಾಸ್‌ಬೂರ್ಗ್‌ನಲ್ಲೂ ಕಾಲುವೆಗಳಿವೆ, ಊರೂ ದೊಡ್ಡದು, ಆದರೆ ಈ ಹಳ್ಳಿಗಳಿಗೆ ಅಲ್ಲಿಂದ ದಿನಾ ಓಡಾಡುವುದು ಸುಸ್ತು. ಎಗಿಸ್‌ಹೈಮ್‌ನಲ್ಲೇ ಉಳಿಯಬಹುದಲ್ಲ ಎಂದರೆ, ಉಳಿಯಬಹುದು. ಸಂಜೆಯ ಮೇಲೆ ಬಸ್ಸನ್ನೂ ನೆಚ್ಚುವಂತಿಲ್ಲ, ಅತ್ತೆಯವರಿಗೆ ಬೇಕಾದ ಊಟವೂ ಸುಲಭಕ್ಕೆ ಸಿಗುವುದಿಲ್ಲ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಇನ್ನು ಗುಟುಕಿನ ಲೆಕ್ಕ. ಅಲ್ಲಿ ರುಚಿಗೆಂದು ಸುರಿಯುವುದು ಒಂದು ಸಲಕ್ಕೆ ಮೂರರಿಂದ ಐದು ಸೆಂಟಿಲೀಟರ್; 4 ಸೆಂಟಿಲೀಟರ್, ಅಂದರೆ 40 ಮಿ.ಲೀ. ಎಂದು ಹಿಡಿಯೋಣ. ನೋಡಲು ತಳ ಒದ್ದೆಯಾದಷ್ಟೇ. ಆದರೆ ಆಲ್ಸಾಸ್‌ನ ರೈತ ಒಂದೇ ವೈನ್ ಕೊಟ್ಟು ಕಳಿಸುವುದಿಲ್ಲ. ಏಳು ತಳಿ ಬೆಳೆಯುತ್ತಾನೆ, ಆರಾದರೂ ಮೇಜಿಗೆ ಬರುತ್ತವೆ. ಆರು ಸಲಕ್ಕೆ 240 ಮಿ.ಲೀ. ಶೇ. 13ರ ವೈನ್ ಆದರೆ ಅದರಲ್ಲಿ ಸುಮಾರು 25 ಗ್ರಾಂ ಆಲ್ಕೋಹಾಲ್. 75 ಕೆ.ಜಿ. ತೂಕದ ಗಂಡಸಿನ ರಕ್ತದಲ್ಲಿ ಅದು ಲೀಟರಿಗೆ 0.47 ಗ್ರಾಂ ಆಸುಪಾಸಿಗೆ ಏರಬಹುದು, 55 ಕೆ.ಜಿ. ಹೆಂಗಸಿಗೆ 0.75. ಫ್ರಾನ್ಸ್‌ನ ಮಿತಿ 0.5. ಹೊಟ್ಟೆಯಲ್ಲಿ ಊಟವಿದೆಯೇ, ಎಷ್ಟು ಹೊತ್ತಿನಲ್ಲಿ ಕುಡಿದಿರಿ ಎಂಬುದರ ಮೇಲೆ ಈ ಅಂಕಿ ಹಿಂದೆ ಮುಂದೆ ಆಗುತ್ತದೆ. ಆದರೂ ವೈನ್ ಮಾಡುವ ಒಂದೇ ಮನೆಯಲ್ಲಿ ಮಿತಿಯ ಹೊಸ್ತಿಲು ತಲುಪಿದ್ದೀರಿ ಎಂಬುದು ಬದಲಾಗುವುದಿಲ್ಲ. ನಮ್ಮ ದೇಶದ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ ಲೀಟರಿಗೆ 0.3, ಅದನ್ನಂತೂ ಯಜಮಾನರು ಆ ಮೊದಲ ಮನೆಯಲ್ಲೇ ದಾಟಿರುತ್ತಾರೆ. ದೇಹ ಇಳಿಸುವುದು ಗಂಟೆಗೆ 0.10ರಿಂದ 0.15ರಷ್ಟು ಮಾತ್ರ. ಮಧ್ಯಾಹ್ನದ ಮೇಲೆ ಎರಡನೇ ಮನೆಗೆ ಹೋದರೆ ಒಟ್ಟು 480 ಮಿ.ಲೀ., ಬಾಟಲಿಯ ಮೂರನೇ ಎರಡು ಭಾಗ. ಕಾಫಿ ಕುಡಿದರೂ ನೀರು ಕುಡಿದರೂ ಅದು ಬೇಗ ಇಳಿಯುವುದಿಲ್ಲ.

ಇದರ ಜೊತೆಗೆ ಬಾಡಿಗೆ ಕಾರಿನ ವಿಮೆಯನ್ನೂ ನೋಡಿ: ಮಿತಿ ಮೀರಿದ್ದಾಗ ಅಪಘಾತವಾದರೆ ಹಾನಿಯ ರಕ್ಷಣೆ ಅನ್ವಯಿಸುವುದಿಲ್ಲ ಎಂದು ಒಪ್ಪಂದದಲ್ಲೇ ಬರೆದಿರುತ್ತದೆ. ಸೈಕಲ್ ತಗೊಂಡರಾಯಿತು ಎಂಬ ಉಪಾಯ ಕೆಲವರದು. ತೋಟಗಳ ನಡುವಿನ ಸೈಕಲ್ ಹಾದಿ ಸೊಗಸಾಗಿದೆ, ವಿದ್ಯುತ್ ಸೈಕಲ್ ಬಾಡಿಗೆಗೂ ಸಿಗುತ್ತದೆ, ಆದರೆ ಅದೇ 0.5ರ ಮಿತಿ ಸೈಕಲ್ ಸವಾರನಿಗೂ ಇದೆ.

ಒಂದೇ ನಿಜವಾದ ಪರಿಹಾರ ಉಗಿಯುವುದು. ನಮ್ಮವರಿಗೆ ಇದು ಕಷ್ಟ. ಎಂಜಲಿನ ಸಂಕೋಚ ಒಂದು, ಕೊಟ್ಟದ್ದನ್ನು ಚೆಲ್ಲಿದರೆ ಮನೆಯವರಿಗೆ ಬೇಸರವಾದೀತು ಎಂಬ ದಾಕ್ಷಿಣ್ಯ ಇನ್ನೊಂದು. ಅಲ್ಲಿ ಮೇಜಿನ ಮೇಲೆ ಅದಕ್ಕೆಂದೇ ಪಾತ್ರೆ ಇರುತ್ತದೆ, ಹೆಸರು ಕ್ರಾಶ್ವಾರ್. ಕಾಣದಿದ್ದರೆ ಕೇಳಿ. ಬಾಯಲ್ಲಿ ಎರಡು ಮೂರು ಸೆಕೆಂಡು ಆಡಿಸಿ, ತುಟಿ ಚೂಪು ಮಾಡಿ, ಪಾತ್ರೆಯ ಹತ್ತಿರ ಬಗ್ಗಿ ಉಗಿಯಿರಿ. ಗ್ಲಾಸಿನಲ್ಲಿ ಉಳಿದದ್ದನ್ನೂ ಅದಕ್ಕೇ ಸುರಿಯಿರಿ. ವೈನ್ ಮಾಡುವವನು ತಾನೂ ಹಾಗೆಯೇ ಮಾಡುತ್ತಾನೆ, ನೀವು ಉಗಿದರೆ ತಿಳಿದವರು ಎಂದುಕೊಳ್ಳುತ್ತಾನೆ. ಉಗಿದರೂ ಸ್ವಲ್ಪ ಒಳಗೆ ಹೋಗಿಯೇ ಹೋಗುತ್ತದೆ, ಹಾಗಾಗಿ ಸ್ಟೀರಿಂಗ್ ಹಿಡಿಯುವವರು ಉಗಿಯುತ್ತಲೂ ಐದಾರಕ್ಕಿಂತ ಹೆಚ್ಚು ನೋಡದಿರುವುದು ಒಳ್ಳೆಯದು.

ಹೀಗಾಗಿ ಕಾರು ಬೇಡ ಎಂಬುದು ನನ್ನ ಸಲಹೆ. ಕಾರಿಲ್ಲದೆ ಆಗುವುದೇ ಇಲ್ಲ ಎಂಬುದು ಸುಳ್ಳು. ಕಾರಿಲ್ಲದೆ ಎಲ್ಲ ದಿನವೂ ಒಂದೇ ಸಮ ಸಲೀಸು ಎಂಬುದೂ ಸುಳ್ಳೇ. ಟುರ್ಕ್‌ಹೈಮ್‌ಗೆ ಮೆಟ್ಸೆರಾಲ್ ಕಡೆಗಿನ ರೈಲಿನಲ್ಲಿ ಸುಮಾರು ಹತ್ತು ನಿಮಿಷ, ನಿಲ್ದಾಣ ಹಳೇ ಊರಿನ ಬಾಗಿಲಿಗೆ ತಾಗಿದಂತಿದೆ. ಬೇರೆ ಊರುಗಳಿಗೆ ಪ್ರಾದೇಶಿಕ ಬಸ್ಸುಗಳಿವೆ, ಹೆಸರು ಫ್ಲೂವೊ. ಇವುಗಳ ವೇಳೆ ಶಾಲಾ ಮಕ್ಕಳನ್ನು ನೋಡಿಕೊಂಡು ಹಾಕಿದ್ದು: ವಾರದ ದಿನ ಬೆಳಿಗ್ಗೆ, ಸಂಜೆ ಪರವಾಗಿಲ್ಲ, ನಡು ಮಧ್ಯಾಹ್ನ ವಿರಳ, ಭಾನುವಾರ ನಂಬುವ ಹಾಗಿಲ್ಲ. ಹೋಗುವ ಬಸ್ಸಿಗಿಂತ ವಾಪಸ್ ಬಸ್ಸಿನ ಹೊತ್ತನ್ನು ಮೊದಲು ಬರೆದಿಟ್ಟುಕೊಳ್ಳಿ. ಕೈ ಬೀಸಿದರೆ ನಿಲ್ಲುವ ಟ್ಯಾಕ್ಸಿ ಆ ಹಳ್ಳಿಗಳಲ್ಲಿ ಇಲ್ಲ. ಕೋಲ್ಮಾರ್‌ನಿಂದ ಫೋನ್ ಮಾಡಿ ಕರೆಸಬೇಕು. ನೀವು ನಾಲ್ವರು ಇರುವುದರಿಂದ ಒಂದು ದಿನಕ್ಕೆ ಚಾಲಕ ಸಹಿತ ವ್ಯಾನ್ ಗೊತ್ತುಮಾಡಿಕೊಂಡರೆ ತಲೆಗೆ ಬೀಳುವ ಖರ್ಚು ಸಹಿಸುವಂತಿರುತ್ತದೆ, ಮಾವನವರ ಮಂಡಿಗೂ ಹಿತ.

ಆದರೂ ಕಾರೇ ಬೇಕೆಂದರೆ: ಮೈಸೂರಿನ ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ, ಆಟೊಮ್ಯಾಟಿಕ್ ಗೇರ್ ಬೇಕಿದ್ದರೆ ಬುಕಿಂಗ್‌ನಲ್ಲೇ ಕೇಳಿ, ಕ್ರೆಡಿಟ್ ಕಾರ್ಡ್ ಓಡಿಸುವವರ ಹೆಸರಲ್ಲೇ ಇರಲಿ. ಹಳೇ ಊರಿನ ಬೀದಿಗಳು ಬಹುಪಾಲು ಕಾಲ್ನಡಿಗೆಗೆ ಮೀಸಲು, ಹೋಟೆಲ್ ಬಾಗಿಲಿಗೆ ಕಾರು ಹೋಗದಿರಬಹುದು. ಕಲ್ಲು ಹಾಸಿನ ಮೇಲೆ ಚಕ್ರದ ಸೂಟ್‌ಕೇಸ್ ಎಳೆಯುವ ಕಷ್ಟ ಹೇಗೂ ಇದ್ದದ್ದೇ. ರೈಲು ನಿಲ್ದಾಣದಿಂದ ಪುಟ್ಟ ವೆನಿಸ್‌ಗೆ ಹದಿನೈದು-ಇಪ್ಪತ್ತು ನಿಮಿಷ ನಡಿಗೆ. ಮೊದಲ ಸಂಜೆ ನಿಲ್ದಾಣದಲ್ಲೇ ಟ್ಯಾಕ್ಸಿ ಹಿಡಿಯಿರಿ.

ನಂದಿ ತಪ್ಪಲಿನ ಟೂರ್‌ನಲ್ಲಿ ಟಿಕೆಟ್ ಕೊಂಡಿರಿ, ಹೊತ್ತಿಗೆ ಸರಿಯಾಗಿ ಗೈಡ್ ಬಂದ, ಟ್ಯಾಂಕ್ ತೋರಿಸಿದ, ಕೊನೆಗೆ ಗ್ಲಾಸು ಕೊಟ್ಟ. ಆಲ್ಸಾಸ್‌ನಲ್ಲಿ ಬಾಗಿಲು ತೆಗೆಯುವುದು ಹೆಚ್ಚಾಗಿ ಆ ಮನೆಯವರೇ. ಬೆಳಿಗ್ಗೆ ತೋಟದಲ್ಲಿದ್ದವರು, ಕೈಯಲ್ಲಿ ಇನ್ನೂ ದ್ರಾಕ್ಷಿಯ ಅಂಟು. ನೀವು ಹೋಗುವುದು ಸರಿಯಾಗಿ ಕಟಾವಿನ ಹೊತ್ತು. ವಿಜಯಪುರದ ಕಡೆ ಬಳ್ಳಿಗೆ ವರ್ಷಕ್ಕೆರಡು ಚಾಟ್ನಿ (ಬಳ್ಳಿ ಸವರುವುದು), ಯಾವಾಗ ಹಣ್ಣು ಬೇಕೋ ಅದನ್ನು ನೋಡಿ ದಿನ ಗೊತ್ತುಮಾಡಬಹುದು. ಅಲ್ಲಿ ಚಳಿಗೆ ಬಳ್ಳಿ ತಾನೇ ಮಲಗುತ್ತದೆ, ಚಾಟ್ನಿ ಒಂದೇ, ಕಟಾವೂ ಒಂದೇ. ಮಳೆ ಬರುವ ಸೂಚನೆ ಕಂಡರೆ ಎಲ್ಲರೂ ತೋಟಕ್ಕೆ ಓಡುತ್ತಾರೆ, ನಿಮ್ಮ ಅಪಾಯಿಂಟ್‌ಮೆಂಟ್ ಹಾರಿಹೋಗಬಹುದು. ಅವರ ಮೇಲೆ ಕೋಪ ಮಾಡಿಕೊಳ್ಳುವಂತಿಲ್ಲ.

ಆದ್ದರಿಂದ ಎರಡು ಮೂರು ವಾರ ಮೊದಲೇ ಇಮೇಲ್ ಬರೆಯಿರಿ. ದಿನ, ಗಂಟೆ, ನಾಲ್ಕು ಜನ, ಕುಡಿಯುವವರು ಇಬ್ಬರೇ, ಇಂಗ್ಲಿಷ್ ಆದೀತೇ, ಇಷ್ಟು ಸಾಕು. ಬೆಳಿಗ್ಗೆ ಹತ್ತು ಅಥವಾ ಹತ್ತೂವರೆ ಕೇಳಿ. ಹನ್ನೆರಡರಿಂದ ಎರಡರವರೆಗೆ ಊಟದ ಹೊತ್ತು, ಆಗ ಕದ ಮುಚ್ಚಿರುತ್ತದೆ. ಹನ್ನೊಂದು ಮುಕ್ಕಾಲಿಗೆ ಹೋಗಿ ನಿಲ್ಲುವುದು ಬಂದಷ್ಟೇ ಬೇಗ ಹೋಗಿ ಎನ್ನಿಸಿಕೊಳ್ಳುವ ದಾರಿ. ಭಾನುವಾರ ಚಿಕ್ಕ ಮನೆತನಗಳು ಬಹುತೇಕ ಮುಚ್ಚಿರುತ್ತವೆ. ಒಂದು ಭೇಟಿಗೆ ಮುಕ್ಕಾಲರಿಂದ ಒಂದು ಗಂಟೆ ಇಟ್ಟುಕೊಳ್ಳಿ. ಕೆಲವೆಡೆ ಹಣವಿಲ್ಲ, ಕೆಲವೆಡೆ ಸಣ್ಣ ಶುಲ್ಕ. ಹಣವಿಲ್ಲದ ಕಡೆ ಒಂದೆರಡು ಬಾಟಲಿಯನ್ನಾದರೂ ಕೊಳ್ಳುವುದು ರೂಢಿ. ಯಾರೂ ಒತ್ತಾಯಿಸುವುದಿಲ್ಲ, ಆದರೆ ಆರು ಬಾಟಲಿ ತೆಗೆಸಿ ಬರಿಗೈಯಲ್ಲಿ ಹೊರಟರೆ ಮುಖದಲ್ಲಿ ಗೊತ್ತಾಗುತ್ತದೆ.

ಎಲ್ಲೂ ಜಾಗ ಸಿಗದಿದ್ದರೆ ಸಹಕಾರಿ ಸಂಘಗಳ ಮಳಿಗೆ ಇವೆ. ರಿಬೊವಿಲ್ಲೆಯದು 1895ರಿಂದ ಇದೆ. ಎಗಿಸ್‌ಹೈಮ್, ಟುರ್ಕ್‌ಹೈಮ್‌ಗಳಲ್ಲೂ ಇವೆ. ಅಲ್ಲಿ ಅಪಾಯಿಂಟ್‌ಮೆಂಟ್ ಇಲ್ಲದೆ ಹೋಗಬಹುದು, ಕಟಾವಿನ ಗಡಿಬಿಡಿ ಮಳಿಗೆಗೆ ತಟ್ಟುವುದಿಲ್ಲ.

ಸಿಹಿಯ ಮಾತಿಗೆ ಬರೋಣ. ನೀವು ಕೇಳಿದ್ದರಲ್ಲಿ ಅರ್ಧ ಸತ್ಯವಿದೆ. ಉದ್ದ ಕುತ್ತಿಗೆಯ ಹಸಿರು ಬಾಟಲಿ ಕಂಡು ಜರ್ಮನಿಯ ಸಿಹಿ ವೈನ್ ಎಂದುಕೊಳ್ಳುವವರು ಬಹಳ. ಆಲ್ಸಾಸ್‌ನಲ್ಲಿ ರೀಸ್ಲಿಂಗ್ ಎಂಬ ಬಿಳಿ ದ್ರಾಕ್ಷಿಯ ವೈನ್ ಹೆಚ್ಚಾಗಿ ಡ್ರೈ, ಅಂದರೆ ಸಿಹಿ ಇಲ್ಲದ್ದು. ರಿಬೊವಿಲ್ಲೆಯ ಟ್ರಿಂಬಾಕ್ (1626ರಿಂದ), ರಿಕ್‌ವಿರ್‌ನ ಹೂಗೆಲ್ (1639ರಿಂದ) ಮನೆತನಗಳ ಹೆಸರು ನಿಂತಿರುವುದೇ ಆ ಶೈಲಿಯ ಮೇಲೆ. ಗವುರ್ಟ್ಸ್‌ಟ್ರಾಮಿನರ್ ಮತ್ತು ಪಿನೋ ಗ್ರಿ ತಳಿಗಳ ವೈನ್ ಹಾಗಲ್ಲ, ಸಕ್ಕರೆ ಉಳಿದಿರುವುದು ಸಾಮಾನ್ಯ. ಕಾರಣ ಹವೆಯಲ್ಲಿದೆ. ಅಟ್ಲಾಂಟಿಕ್ ಕಡೆಯಿಂದ ಬರುವ ಮೋಡವನ್ನು ವೋಜ್ ಬೆಟ್ಟ ತಡೆದು ಆಚೆ ಬದಿಯಲ್ಲೇ ಸುರಿಸಿಬಿಡುತ್ತದೆ. ನಮ್ಮ ಘಟ್ಟದ ಪೂರ್ವಕ್ಕೆ ಮಳೆ ಕಡಿಮೆಯಾಗುವ ಹಾಗೆಯೇ. ಕೋಲ್ಮಾರ್ ಫ್ರಾನ್ಸ್‌ನ ಅತಿ ಒಣ ಊರುಗಳಲ್ಲಿ ಒಂದು, ಮೈಸೂರಿಗಿಂತಲೂ ಮಳೆ ಕಡಿಮೆ. ಶರತ್ಕಾಲ ಒಣಗಿರುವುದರಿಂದ ಕಾಯಿ ಕೊಳೆಯದೆ ಬಳ್ಳಿಯಲ್ಲೇ ನಿಧಾನ ಮಾಗುತ್ತದೆ. ಗವುರ್ಟ್ಸ್‌ಟ್ರಾಮಿನರ್‌ಗಂತೂ ಆ ಗುಲಾಬಿ-ಲಿಚಿ ಪರಿಮಳ ಬರುವಷ್ಟರಲ್ಲಿ ಸಕ್ಕರೆ ಮೇಲೇರಿರುತ್ತದೆ. ಎಲ್ಲವೂ ಆಲ್ಕೋಹಾಲ್ ಆಗುವ ಮೊದಲೇ ಹುದುಗು ನಿಂತರೆ ಸಿಹಿ ಉಳಿಯುತ್ತದೆ.

ಮೊದಲೆಲ್ಲ ಬಾಟಲಿ ನೋಡಿ ಇದನ್ನು ತಿಳಿಯುವುದೇ ಕಷ್ಟವಿತ್ತು. 2021ರ ಬೆಳೆಯಿಂದ ಲೇಬಲ್ ಮೇಲೆ ಬರೆಯುವುದು ಕಡ್ಡಾಯ: ಸೆಕ್ ಎಂದರೆ ಲೀಟರಿಗೆ 4 ಗ್ರಾಂ ಸಕ್ಕರೆಯವರೆಗೆ (ಹುಳಿ ಜೋರಾಗಿದ್ದರೆ 9ರವರೆಗೂ ಆಗಬಹುದು), ದೆಮಿ-ಸೆಕ್ 12ರವರೆಗೆ, ಮೊಲ್ಯೂ 45ರವರೆಗೆ, ಅದರ ಮೇಲೆ ದೂ. ಹಳೆಯ ಬಾಟಲಿಯಾದರೆ "ಸೆ ಸೆಕ್?" ಎಂದು ಕೇಳಿದರೆ ಸಾಕು. ರುಚಿ ನೋಡುವ ಕ್ರಮ ಸಿಲ್ವಾನೆರ್, ಪಿನೋ ಬ್ಲಾಂನಿಂದ ಶುರುವಾಗಿ ರೀಸ್ಲಿಂಗ್, ಮಸ್ಕಾ, ಪಿನೋ ಗ್ರಿ, ಕೊನೆಗೆ ಗವುರ್ಟ್ಸ್‌ಟ್ರಾಮಿನರ್. ಸಿಹಿಯಾದದ್ದನ್ನು ಮೊದಲು ಕುಡಿದರೆ ಆಮೇಲಿನ ರೀಸ್ಲಿಂಗ್ ಬರೀ ಹುಳಿ ಎನ್ನಿಸುತ್ತದೆ. ಜಾಮೂನು ತಿಂದ ಬಾಯಿಗೆ ಚಹಾ ಸಪ್ಪೆ ಆದ ಹಾಗೆ.

ಒಂದು ವಿಷಯವನ್ನು ಗಮನವಿಟ್ಟು ನೋಡಿ ಎಂದು ಕೇಳಿಕೊಳ್ಳುತ್ತೇನೆ, ಆ ಸೀಮೆಗೆ ಹೋಗುವ ಸಾರ್ಥಕ್ಯವೇ ಅದು. ರೈನ್ ಕಣಿವೆ ಭೂಮಿ ಸೀಳಿ ಕುಸಿದು ಆದದ್ದು, ಹಾಗಾಗಿ ಬೆಟ್ಟದಂಚಿನಲ್ಲಿ ಮಣ್ಣು ಫರ್ಲಾಂಗಿಗೊಂದು ಥರ. ಗ್ರಾಂ ಕ್ರೂ, ಅಂದರೆ ಮೇಲ್ದರ್ಜೆಯ ತೋಟ ಎಂದು ಗುರುತಿಸಿದ 51 ಇಳಿಜಾರುಗಳಿವೆ. ಕೈಸರ್ಸ್‌ಬೆರ್ಗ್ ಬಳಿಯ ಶ್ಲಾಸ್‌ಬೆರ್ಗ್ ಗ್ರಾನೈಟ್ ನೆಲ; ಅಲ್ಲಿನ ರೀಸ್ಲಿಂಗ್ ಎಳೆಯದಿದ್ದಾಗಲೇ ಹೂವಿನ ಘಮ ಬಿಟ್ಟುಕೊಡುತ್ತದೆ. ರಿಕ್‌ವಿರ್ ಮೇಲಿನ ಶೋನೆನ್‌ಬೂರ್ ಜಿಪ್ಸಂ ಬೆರೆತ ಸುಣ್ಣಜೇಡಿ. ಅದು ಮೊದಲು ಬಿಗಿದುಕೊಂಡಿದ್ದು ವರ್ಷಗಳ ಮೇಲೆ ಬಿಚ್ಚಿಕೊಳ್ಳುತ್ತದೆ. ತಳಿ ಒಂದೇ, ಊರಿಗೂ ಊರಿಗೂ ನಡುವೆ ಕೆಲವೇ ಕಿಲೋಮೀಟರ್. ಇವೆರಡನ್ನು ಒಂದೇ ದಿನ ನೋಡಿದರೆ, ಹತ್ತು ಊರಿನ ಹತ್ತು ವೈನ್ ನೋಡಿದ್ದಕ್ಕಿಂತ ಹೆಚ್ಚು ತಿಳಿಯುತ್ತದೆ.

ನಿಮ್ಮ ದಿನಗಳಿಗೆ ಇದನ್ನು ಹೊಂದಿಸುವುದಾದರೆ: ಶನಿವಾರ ಬೆಳಿಗ್ಗೆ ಎಗಿಸ್‌ಹೈಮ್, ಒಂದು ಮನೆ ಸಾಕು. ಊರು ವೃತ್ತದೊಳಗೆ ವೃತ್ತವಾಗಿ ಕಟ್ಟಿದ್ದು, ಮಾವನವರು ಸುತ್ತು ಹಾಕಬಹುದು, ಏರು ಕಡಿಮೆ. ಭಾನುವಾರ ಕೋಲ್ಮಾರ್‌ಗೆ ಕೊಡಿ. 1480ರ ಸುಂಕದ ಕಟ್ಟೆ ಕೊಯಿಫುಸ್, 1537ರ ಫಿಸ್ಟರ್ ಮನೆ, ಉಂಟರ್‌ಲಿಂಡನ್ ಮ್ಯೂಸಿಯಂನಲ್ಲಿ ಗ್ರೂನೆವಾಲ್ಡ್ ಬರೆದ ಇಸೆನ್‌ಹೈಮ್ ಬಲಿಪೀಠದ ಚಿತ್ರಗಳು. ಆ ಮ್ಯೂಸಿಯಂಗೆ ಮಂಗಳವಾರ ರಜೆ, ಹೊರಡುವ ದಿನಕ್ಕೆಂದು ಉಳಿಸಿಕೊಂಡರೆ ತಪ್ಪಿಹೋಗುತ್ತದೆ. ಸೋಮವಾರ ವ್ಯಾನ್ ತಗೊಂಡು ಕೈಸರ್ಸ್‌ಬೆರ್ಗ್ ಮತ್ತು ರಿಕ್‌ವಿರ್. ಸೋಮವಾರ ಹಲವು ರೆಸ್ಟೋರೆಂಟ್‌ಗಳಿಗೆ ರಜೆ, ಊಟದ ಜಾಗ ಮೊದಲೇ ಕಾಯ್ದಿರಿಸಿ. ತೋಟದೊಳಗೆ ನಡೆಯುವ ಆಸೆ ಇದ್ದರೆ ದಾರಿಯ ಬಾಯಲ್ಲಿ ಫಲಕ ನೋಡಿಕೊಳ್ಳಿ, ಕಟಾವಿನ ಹೊತ್ತಿಗೆ ಹಲವು ಊರುಗಳು ಆ ಕಾಲುದಾರಿಗಳನ್ನು ಮುಚ್ಚುತ್ತವೆ. ಬಳ್ಳಿಯಿಂದ ಗೊಂಚಲು ಕೀಳುವುದಂತೂ ಬೇಡವೇ ಬೇಡ.

ಅತ್ತೆ-ಮಾವನವರ ಊಟಕ್ಕೆ ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿಯಿರಿ. ಆಲ್ಸಾಸ್ ಅಡುಗೆ ಹಂದಿಮಾಂಸದ ಸುತ್ತ ಬೆಳೆದದ್ದು. ಸಸ್ಯಾಹಾರದಂತೆ ಕಾಣುವ ಹುಳಿ ಎಲೆಕೋಸನ್ನೂ ಹೆಚ್ಚಾಗಿ ಕೊಬ್ಬಿನಲ್ಲೇ ಬೇಯಿಸಿರುತ್ತಾರೆ, ಸೂಪಿಗೆ ಮಾಂಸದ ನೀರು, ಸ್ಪೆಟ್ಸ್‌ಲೆ ಎಂಬ ಶ್ಯಾವಿಗೆಯಂಥದ್ದಕ್ಕೆ ಮೊಟ್ಟೆ. ಉಳಿಯುವುದು ತಾರ್ತ್ ಫ್ಲಾಂಬೆ: ರೊಟ್ಟಿಯಷ್ಟು ತೆಳ್ಳಗಿನ ಹಿಟ್ಟಿನ ಮೇಲೆ ಕೆನೆ, ಈರುಳ್ಳಿ ಹಾಕಿ ಜೋರು ಒಲೆಯಲ್ಲಿ ಸುಟ್ಟದ್ದು. ರೂಢಿಯಂತೆ ಅದರ ಮೇಲೂ ಹಂದಿಯ ತುಣುಕು ಇರುತ್ತದೆ, "ಸಾಂ ಲಾರ್ದೊಂ" ಎಂದು ಹೇಳಿ ತೆಗೆಸಬೇಕು. ಕುಗೆಲ್‌ಹೋಫ್ ಕೇಕಿಗೆ ಮೊಟ್ಟೆ ಹಾಕುತ್ತಾರೆ, ದ್ರಾಕ್ಷಿಯನ್ನು ಹಲವರು ಮದ್ಯದಲ್ಲಿ ನೆನೆಸುತ್ತಾರೆ. ಅವರಿಗೆ ಅದು ಬೇಡ. ನೀವು ವೈನ್ ನೋಡುವಾಗ ಅವರಿಗೆ ದ್ರಾಕ್ಷಿರಸ, "ಜ್ಯೂ ದ ರೆಸಾಂ", ಕೇಳಿ. ಹಲವು ಮನೆಗಳಲ್ಲಿ ಅವರದೇ ತೋಟದ್ದು ಇರುತ್ತದೆ. ನಿಮಗೂ ಸಸ್ಯಾಹಾರದ ಕಟ್ಟು ಇದ್ದರೆ ಇದು ತಿಳಿದಿರಲಿ: ವೈನ್ ತಿಳಿಯಾಗಿಸಲು ಬೆಂಟೊನೈಟ್ ಜೇಡಿಯನ್ನೂ ಬಳಸುತ್ತಾರೆ, ಮೊಟ್ಟೆಯ ಬಿಳಿ, ಹಾಲಿನ ಕೇಸೀನ್, ಮೀನಿನ ಅಂಟನ್ನೂ ಬಳಸುವವರಿದ್ದಾರೆ. ಮೀನಿನ ಅಂಟನ್ನು ಲೇಬಲ್‌ನಲ್ಲಿ ಹೇಳಬೇಕಿಲ್ಲ. ಮಾಡಿದವರೇ ಎದುರಿಗಿರುವಾಗ ಕೇಳುವುದು ಸುಲಭ.

ಇನ್ನು ಬಾಟಲಿ. ಭಾರತಕ್ಕೆ ಸುಂಕವಿಲ್ಲದೆ ತರಬಹುದಾದದ್ದು ಒಬ್ಬರಿಗೆ ಎರಡು ಲೀಟರ್. ಮುಕ್ಕಾಲು ಲೀಟರಿನ ಬಾಟಲಿ ಎರಡಾದರೆ 1.5 ಲೀಟರ್, ಮೂರಾದರೆ 2.25, ಮಿತಿ ದಾಟಿತು. ಸಾಮಾನ್ಯ ಬಾಟಲಿ ಎರಡು, ಜೊತೆಗೆ ತಡವಾಗಿ ಕೊಯ್ದ ಹಣ್ಣಿನ ಸಿಹಿ ವೈನ್ (ಲೇಬಲ್‌ನಲ್ಲಿ ವಾಂದಾಂಜ್ ತಾರ್ದಿವ್ ಎಂದಿರುತ್ತದೆ) ಅರ್ಧ ಲೀಟರಿನದು ಒಂದು, ಕರಾರುವಾಕ್ಕಾಗಿ ಎರಡು ಲೀಟರ್. ಕುಡಿಯದಿದ್ದರೂ ಅತ್ತೆ-ಮಾವನವರಿಗೂ ಅವರವರ ಪಾಲು ಇದೆ, ಆದರೆ ಅದು ಅವರವರ ಪೆಟ್ಟಿಗೆಯಲ್ಲೇ ಇರಬೇಕು, ಒಬ್ಬರ ಹೆಸರಿಗೆ ಸೇರಿಸಿ ತೋರಿಸುವಂತಿಲ್ಲ. ಅವರು ಒಪ್ಪುತ್ತಾರೋ ಎಂಬುದು ನಿಮ್ಮ ಮನೆಯ ವಿಚಾರ. ಮಿತಿ ಮೀರಿದರೆ ರೆಡ್ ಚಾನೆಲ್‌ನಲ್ಲಿ ಘೋಷಿಸಿ ಸುಂಕ ಕಟ್ಟಿ.

ಎಲ್ಲವೂ ಚೆಕ್-ಇನ್ ಪೆಟ್ಟಿಗೆಗೇ ಹೋಗಬೇಕು. ಆಲ್ಸಾಸ್ ಬಾಟಲಿ ಬೋರ್ದೋ ಬಾಟಲಿಗಿಂತ ಉದ್ದ, 33ರಿಂದ 35 ಸೆಂ.ಮೀ., ಇಲ್ಲಿಂದ ಕೊಂಡೊಯ್ದ ಗಾಳಿ ತುಂಬಿದ ಚೀಲದಲ್ಲಿ ಕುತ್ತಿಗೆ ಹೊರಗೇ ಉಳಿಯುತ್ತದೆ, ಒಡೆಯುವುದೂ ಅಲ್ಲೇ. ಉದ್ದ ಬಾಟಲಿಗೆ ಹೊಂದುವ ಚೀಲವನ್ನೇ ಕೊಳ್ಳಿ, ಇಲ್ಲವೇ ಮಾರುವವರ ಹತ್ತಿರವೇ ದಪ್ಪ ರಟ್ಟಿನ ತೋಳು ಕೇಳಿ. ಬಟ್ಟೆಯ ನಡುವೆ, ಪೆಟ್ಟಿಗೆಯ ಗೋಡೆಗೆ ತಾಗದಂತೆ, ಬಾಟಲಿಗೂ ಬಾಟಲಿಗೂ ನಡುವೆ ಒಂದು ಜೀನ್ಸ್ ಪ್ಯಾಂಟ್ ಇರುವಂತೆ ಇಡಿ. ತುಂಬಿದ ಬಾಟಲಿ ಒಂದು ಕಾಲು ಕೆ.ಜಿ. ಹತ್ತಿರ, ಕ್ರೆಮಾಂ ಎಂಬ ನೊರೆ ವೈನಿನದು ಗಾಜು ದಪ್ಪವಾಗಿರುವುದರಿಂದ ಒಂದೂವರೆಗಿಂತ ಹೆಚ್ಚು. ಮೈಸೂರಿನಿಂದ ಹೊರಡುವಾಗಲೇ ಅಷ್ಟು ತೂಕದ ಜಾಗ ಖಾಲಿ ಬಿಟ್ಟುಕೊಂಡು ಹೋಗಿ.